ಮಧ್ಯಾಹ್ನದ ಮೇಲಿನ ಗೋಷ್ಠಿ

ಲೇಖಕಿಯರ ಸಮ್ಮೇಳನಗಳಿಗೆ ಒಂದು ಸಿದ್ಧ ಅಚ್ಚಿದೆ. ಪೂರ್ಣಕುಂಭ, ನಾಡಗೀತೆ, ದೀಪ ಬೆಳಗುವುದು, ಉದ್ಘಾಟಕರ ನುಡಿ, ಅಧ್ಯಕ್ಷೆಯ ಭಾಷಣ, ಐದಾರು ಪುಸ್ತಕಗಳ ಬಿಡುಗಡೆ, ಸನ್ಮಾನ, ಒಂದು ಗೋಷ್ಠಿ, ಊಟ. ಊಟವಾದ ಮೇಲೆ ಇನ್ನೊಂದು ಗೋಷ್ಠಿ, ಅದರ ಬೆನ್ನಿಗೆ ಕವಿಗೋಷ್ಠಿ, ಕವಿಗೋಷ್ಠಿ ಮುಗಿಯುವ ಹೊತ್ತಿಗೆ ಕೊನೆಯ ಬಸ್ಸು. ಈ ಅಚ್ಚು ನಾವು ಹೆಂಗಸರು ಮಾಡಿದ್ದಲ್ಲ. 1915ರಲ್ಲಿ ಬೆಂಗಳೂರಿನಲ್ಲಿ ಎಚ್.ವಿ. ನಂಜುಂಡಯ್ಯನವರ ಅಧ್ಯಕ್ಷತೆಯಲ್ಲಿ ಮೊದಲ ಸಾಹಿತ್ಯ ಸಮ್ಮೇಳನ ನಡೆದ ಮೇಲೆ ದೊಡ್ಡ ಸಮ್ಮೇಳನಗಳಲ್ಲಿ ಬೆಳೆದು ಬಂದದ್ದು. ಆ ಪೀಠಕ್ಕೆ ಒಬ್ಬ ಹೆಂಗಸು ಬರಬೇಕಾದರೆ 1974ರ ಮಂಡ್ಯದವರೆಗೆ, ಜಯದೇವಿತಾಯಿ ಲಿಗಾಡೆಯವರವರೆಗೆ ಕಾಯಬೇಕಾಯಿತು. 1979ರಲ್ಲಿ ಕರ್ನಾಟಕ ಲೇಖಕಿಯರ ಸಂಘ ಹುಟ್ಟಿತು. ಜಿಲ್ಲೆ ತಾಲ್ಲೂಕುಗಳಲ್ಲೂ ನಮ್ಮವೇ ವೇದಿಕೆಗಳಾದವು. ಆದರೆ ಅಲ್ಲಿನ ಕಾರ್ಯಕ್ರಮ ಪಟ್ಟಿ ಮಾತ್ರ ಎಷ್ಟೋ ಕಡೆ ಹಳೆಯದೇ ಉಳಿದಿದೆ.

ಈಚೆಗೆ ನಮ್ಮ ಜಿಲ್ಲೆಯಲ್ಲಿ ನಡೆದ ಅಂಥ ಒಂದು ಸಮ್ಮೇಳನಕ್ಕೆ ನಾವು ಐವರು ಶಿಕ್ಷಕಿಯರು ಓ.ಓ.ಡಿ. ಹಾಕಿಸಿಕೊಂಡು ಹೋಗಿದ್ದೆವು. ಆಹ್ವಾನ ಪತ್ರಿಕೆಯಲ್ಲಿದ್ದ ಎರಡು ಗೋಷ್ಠಿಗಳ ಹೆಸರು ನೋಡಿಯೇ ಹೋದದ್ದು. ಒಂದು, ಮಹಿಳೆಯ ಅನುಭವ ಮತ್ತು ಅಭಿವ್ಯಕ್ತಿಯನ್ನು ಕುರಿತದ್ದು. ಇನ್ನೊಂದು, ಪುಸ್ತಕ ಪ್ರಕಟಣೆಯ ಸಮಸ್ಯೆಗಳನ್ನು ಕುರಿತದ್ದು. ಬರೆಯುವುದು ಹೇಗೆ, ಬರೆದದ್ದು ಪುಸ್ತಕವಾಗುವುದು ಹೇಗೆ ಎಂಬೆರಡನ್ನೂ ಒಂದೇ ಶಾಮಿಯಾನದಡಿ ಕೇಳಬಹುದಲ್ಲ ಎಂಬ ಆಸೆ. ಮೊದಲನೆಯದು ತುಂಬಿದ ಸಭೆಯಲ್ಲಿ ಸಾಂಗವಾಗಿ ನಡೆಯಿತು. ಎರಡನೆಯದು ಮಧ್ಯಾಹ್ನ ಮೂರೂವರೆಗೆ. ಉದ್ಘಾಟನೆಯೇ ತಡವಾಗಿದ್ದರಿಂದ ಒಂದೂವರೆ ಗಂಟೆಯ ಗೋಷ್ಠಿ ನಲವತ್ತು ನಿಮಿಷಕ್ಕೆ ಇಳಿದಿತ್ತು. ಕುರ್ಚಿಗಳು ಅರ್ಧ ಖಾಲಿ. ಹೀಗೆ ಬರವಣಿಗೆಯನ್ನು ದೇವರ ಕೋಣೆಯಲ್ಲೂ ಪ್ರಕಟಣೆಯನ್ನು ಹಿತ್ತಲಲ್ಲೂ ಕೂರಿಸುವುದರಿಂದ ನಮ್ಮ ಬರಹಕ್ಕೂ ನಷ್ಟ, ನಮ್ಮ ಗಂಟಿಗೂ ನಷ್ಟ ಎಂಬುದು ನನ್ನ ತಕರಾರು.

ಮೊದಲ ಗೋಷ್ಠಿಯ ಮುಖ್ಯ ಭಾಷಣಕಾರರು ಒಳ್ಳೆಯ ವಾಗ್ಮಿಗಳು. ಹೆಣ್ಣಿನ ಬರವಣಿಗೆ ಒರತೆಯ ಹಾಗೆ, ಅದಕ್ಕೆ ತಂತ್ರದ ಹಂಗಿಲ್ಲ, ಒಲೆಯ ಮುಂದೆ ಕೂತು ಒಗ್ಗರಣೆಯಷ್ಟು ಸಹಜವಾಗಿ ಅವಳು ಕಥೆ ಕಟ್ಟುತ್ತಾಳೆ ಎಂದರು. ಚಪ್ಪಾಳೆ ಬಿತ್ತು. ನನಗೆ ಮಾತ್ರ ಒಗ್ಗರಣೆ ಅಷ್ಟು ಸಹಜವೇ ಎಂಬ ಸಂಶಯ ಬಂತು. ಸಾಸಿವೆ ಸಿಡಿಯುವ ಮೊದಲೇ ಕರಿಬೇವು ಹಾಕಿದರೆ ಏನಾಗುತ್ತದೆ, ಇಂಗು ಸೀದರೆ ಏನಾಗುತ್ತದೆ ಎಂದು ಕಲಿಯಲು ನಮಗೆಲ್ಲ ವರ್ಷಗಳು ಹಿಡಿದಿವೆ, ಅತ್ತೆಯಿಂದ ಮಾತು ಕೇಳಿಸಿಕೊಂಡಿದ್ದೇವೆ. ಕಲಿತ ಕೆಲಸವನ್ನು ಹುಟ್ಟುಗುಣವೆಂದು ಹೊಗಳುವುದು ಹೆಂಗಸರ ವಿಷಯದಲ್ಲಿ ಹಳೆಯ ಚಾಳಿ. ಅಷ್ಟು ಹೊತ್ತಿನ ಭಾಷಣದಲ್ಲಿ ಒಬ್ಬ ಲೇಖಕಿಯ ಒಂದು ಪುಟವನ್ನಾದರೂ ಬಿಡಿಸಿ, ಇಲ್ಲಿ ಈಕೆ ಹೀಗೇಕೆ ಮಾಡಿದರು ಎಂದು ತೋರಿಸಲಿಲ್ಲ. ಇದು ಅವರೊಬ್ಬರ ದೋಷವಲ್ಲ, ಇಂಥ ಗೋಷ್ಠಿಗಳ ಭಾಷೆಯೇ ಹಾಗಾಗಿಬಿಟ್ಟಿದೆ.

ಅವರು ಹೆಸರಿಸಿದ ಲೇಖಕಿಯರಲ್ಲಿ ಎಂ.ಕೆ. ಇಂದಿರಾ ಅವರೂ ಇದ್ದರು. 'ಫಣಿಯಮ್ಮ' 1976ರಲ್ಲಿ ಬಂದದ್ದು. ಬಾಲವಿಧವೆಯಾಗಿ, ತಲೆ ಬೋಳಿಸಿಕೊಂಡು, ನೂರು ದಾಟಿ ಬದುಕಿದ ಹೆಂಗಸಿನ ಕಥೆ. ಮನೆಯ ಹಿರಿಯರ ಬಾಯಲ್ಲಿ ಕೇಳಿದ್ದನ್ನು ಇಂದಿರಾ ಕಾದಂಬರಿ ಮಾಡಿದರು. ಈಗ ನಾವೇ ಯೋಚಿಸೋಣ. ಇಂಥ ಒಬ್ಬ ಅಜ್ಜಿಯ ಕಥೆ ಮಲೆನಾಡಿನ ಎಷ್ಟು ಮನೆಗಳಲ್ಲಿ ಇರಲಿಲ್ಲ? ಕೇಳಿದವರು ಸಾವಿರ ಜನ, ಬರೆದವರು ಒಬ್ಬರು. ಆ ಕಾದಂಬರಿಯಲ್ಲಿ ಅಳು ಬರುವ ಜಾಗಗಳಲ್ಲಿ ಬಹುಮಟ್ಟಿಗೆ ಲೇಖಕಿ ಅಳುವುದಿಲ್ಲ. ಫಣಿಯಮ್ಮ ಕೆಲಸ ಮಾಡುತ್ತಿರುತ್ತಾಳೆ. ಮಡಿ ಹೆಂಗಸು ಜಾತಿಯ ಗೆರೆ ದಾಟಿ ಹೆರಿಗೆಯೊಂದಕ್ಕೆ ಕೈಹಾಕುವ ಪ್ರಸಂಗ ಬಂದಾಗ ನಮ್ಮಲ್ಲಿ ಯಾರಾದರೂ ಆಗಿದ್ದರೆ ಅಲ್ಲೊಂದು ಪುಟದ ಉಪನ್ಯಾಸ ಸೇರಿಸಿಬಿಡುತ್ತಿದ್ದೆವು. ಇಂದಿರಾ ಆ ಕೈಯನ್ನು ನಮಗೆ ತೋರಿಸಿ ಮುಂದೆ ಹೋಗುತ್ತಾರೆ. ಎಳೆಯ ವಿಧವೆ ದಾಕ್ಷಾಯಿಣಿ ತಲೆ ಬೋಳಿಸಿಕೊಳ್ಳುವುದಿಲ್ಲವೆಂದು ಸಿಡಿದು ನಿಂತಾಗ, ಜನ್ಮವೆಲ್ಲ ಮಡಿಯಲ್ಲಿ ಕಳೆದ ಫಣಿಯಮ್ಮ ಆ ಹುಡುಗಿಯ ಪರ ನಿಲ್ಲುತ್ತಾಳೆ. ಅದಕ್ಕೆ ಮೊದಲಿನ ಪುಟಗಳಲ್ಲಿ ಅವಳನ್ನು ಅಷ್ಟು ಮೌನವಾಗಿ ಇಟ್ಟದ್ದರಿಂದಲೇ ಆ ಒಂದು ನಿಲುವಿಗೆ ಅಷ್ಟು ತೂಕ. ಇದನ್ನು ಒರತೆ ಎಂದು ಕರೆದರೆ ಲೇಖಕಿಯ ದುಡಿಮೆಯನ್ನು ಅಳಿಸಿಹಾಕಿದಂತೆ. ಕಸಬು ಎಂದು ಕರೆದರೆ ಕೇಳುವವರಿಗೂ ಅದನ್ನು ಕಲಿಯಬಹುದು ಎನ್ನಿಸೀತು.

ಇನ್ನು ಮಧ್ಯಾಹ್ನದ ಗೋಷ್ಠಿ. ಮಾತಾಡಿದವರು ಜಿಲ್ಲಾ ಕೇಂದ್ರದಲ್ಲಿ ಚಿಕ್ಕ ಪ್ರಕಾಶನ ನಡೆಸುವ ಹಿರಿಯರು. ಅಲಂಕಾರದ ಮಾತಿಲ್ಲ. ಜೇಬಿನಿಂದ ಒಂದು ಹಾಳೆ ತೆಗೆದು ಮೇಜಿನ ಮೇಲೆ ಹರಡಿ, ಅದನ್ನು ಮಡಚುತ್ತಾ ಹೋದರು. "ನೋಡೀಮ್ಮಾ, ಇದು ಒಂದು ಫಾರಂ. ಎರಡೂ ಕಡೆ ಅಚ್ಚಾದರೆ ಹದಿನಾರು ಪುಟ. ಎಂಟು ಫಾರಂ ಅಂದ್ರೆ ನೂರ ಇಪ್ಪತ್ತೆಂಟು ಪುಟ. ನಿಮ್ಮ ಕಥೆ ನೂರ ಮೂವತ್ತಕ್ಕೆ ನಿಂತರೆ ಆ ಎರಡು ಪುಟಕ್ಕೋಸ್ಕರ ನಾನು ಇನ್ನೂ ಅರ್ಧ ಫಾರಂ ಕಾಗದ ಹಾಕಬೇಕು. ಅದಕ್ಕೇ ಕೇಳ್ತೀನಿ, ಆ ಎರಡು ಪುಟ ಬೇಕೇ ಬೇಕಾ?" ಎಂದರು. ಸಭೆ ನಕ್ಕಿತು. ನಾನು ಮಾತ್ರ ಡೈರಿ ತೆಗೆದು ಬರೆದುಕೊಂಡೆ. ಆ ಎರಡು ಪುಟ ಬೇಕೇ ಎಂಬ ಪ್ರಶ್ನೆ ಮುದ್ರಣದ್ದು ಎಷ್ಟೋ ವಿಮರ್ಶೆಯದೂ ಅಷ್ಟೇ. ನಮ್ಮ ಬಹಳಷ್ಟು ಕಥೆಗಳು ಮುಗಿದ ಮೇಲೂ ಒಂದೂವರೆ ಪುಟ ಓಡುತ್ತವೆ. ನಾಯಕಿ ನಿರ್ಧಾರ ಮಾಡಿ ಬಸ್ಸು ಹತ್ತಿದ ಮೇಲೆ, ಆ ನಿರ್ಧಾರ ಸರಿಯೆಂದು ಓದುಗರಿಗೆ ಮನವರಿಕೆ ಮಾಡಿಕೊಡುವವರೆಗೂ ಬಸ್ಸು ಹೊರಡುವುದಿಲ್ಲ. ಬೆಳಗಿನ ಗೋಷ್ಠಿಯಲ್ಲಿ ಯಾರೂ ಹೇಳದಿದ್ದ ಮಾತನ್ನು ಕಾಗದದ ಬೆಲೆಯ ನೆಪದಲ್ಲಿ ಈ ಮನುಷ್ಯ ಹೇಳಿದರು.

ಆಮೇಲೆ ಲೆಕ್ಕ. ಪುಸ್ತಕದ ಮುಖಬೆಲೆ 200 ರೂಪಾಯಿ ಎಂದಿಟ್ಟುಕೊಳ್ಳಿ. ಮಾರಾಟಗಾರರಿಗೆ ನೂರಕ್ಕೆ ಮೂವತ್ತರಿಂದ ನಲವತ್ತು ಬಿಡಬೇಕು. ನಲವತ್ತು ಹೋದರೆ ಕೈಗೆ 120. ಅದರಲ್ಲಿ ಕಾಗದ, ಅಚ್ಚು, ಬೈಂಡಿಂಗು, ಮುಖಪುಟ, ಸಾಗಣೆ. ಲೇಖಕಿಗೆ ನೂರಕ್ಕೆ ಹತ್ತರಂತೆ ಗೌರವಧನ ಎಂದರೆ ಪ್ರತಿಗೆ 20 ರೂಪಾಯಿ. ಐನೂರು ಪ್ರತಿಯೂ ಮಾರಿದರೆ ಹತ್ತು ಸಾವಿರ. ಮಾರಿದರೆ! ಆ 'ಮಾರಿದರೆ' ಎನ್ನುವಾಗ ಅವರು ಶಾಮಿಯಾನದ ಆಚೆಗಿದ್ದ ಮಳಿಗೆಗಳ ಕಡೆ ನೋಡಿದರು. ಪುಸ್ತಕದ ಮಳಿಗೆಯ ಪಕ್ಕದಲ್ಲೇ ಸ್ತ್ರೀಶಕ್ತಿ ಸಂಘದವರ ಹಪ್ಪಳ ಸಂಡಿಗೆಯ ಮಳಿಗೆ, ಅಲ್ಲಿ ನೂಕುನುಗ್ಗಲು. (ಹಪ್ಪಳವನ್ನು ನಾನೂ ಕೊಂಡೆ. ಹಪ್ಪಳ ಮಾಡುವವರಿಗೂ ಮಾರಾಟ ಆಗಲೇಬೇಕಲ್ಲ.)

ಸಮ್ಮೇಳನದಲ್ಲಿ ಅತ್ತಿಮಬ್ಬೆಯ ಹೆಸರು ಬೆಳಗಿನಿಂದ ಸಂಜೆಯವರೆಗೆ ನಾಲ್ಕು ಸಲ ಬಂತು. ಹತ್ತನೆಯ ಶತಮಾನದ ಆ ಮಹಾತಾಯಿ ಪೊನ್ನನ 'ಶಾಂತಿಪುರಾಣ'ದ ಸಾವಿರ ಪ್ರತಿ ಮಾಡಿಸಿ ಹಂಚಿದಳೆಂಬುದನ್ನು ನಮಗೆಲ್ಲ ಪಾಠದಲ್ಲಿ ಓದಿ ಗೊತ್ತು. ಪ್ರತಿಯೊಂದನ್ನೂ ಓಲೆಗರಿಯ ಮೇಲೆ ಕೈಯಲ್ಲಿ ಕೊರೆಯಿಸಬೇಕಾಗಿದ್ದ ಕಾಲ ಅದು. ಸಾವಿರ ವರ್ಷದ ಮೇಲೆ ಇಂದು ಕನ್ನಡದಲ್ಲಿ ಎಷ್ಟೋ ಕಥಾಸಂಕಲನಗಳ ಮೊದಲ ಮುದ್ರಣ ಐನೂರಕ್ಕೆ ನಿಲ್ಲುತ್ತದೆ. ಇನ್ನೊಂದು ವ್ಯತ್ಯಾಸವೂ ಇದೆ. ಅತ್ತಿಮಬ್ಬೆ ಖರ್ಚು ಮಾಡಿದ್ದು ಕವಿಯೊಬ್ಬನ ಕಾವ್ಯಕ್ಕೆ. ನಮ್ಮ ಊರುಗಳ ಲೇಖಕಿಯರಿಗೆ ಖರ್ಚು ಮಾಡುವ ಅತ್ತಿಮಬ್ಬೆ ಯಾರೂ ಇಲ್ಲ, ಅವರೇ ತಮ್ಮ ಪುಸ್ತಕಕ್ಕೆ ಚೀಟಿ ಎತ್ತುತ್ತಾರೆ. ಅತ್ತಿಮಬ್ಬೆಗಿಂತ ಹತ್ತಿರದವರಾದ ನಂಜನಗೂಡು ತಿರುಮಲಾಂಬ ಅವರ ಹೆಸರನ್ನು ಮಾತ್ರ ಯಾರೂ ಎತ್ತಲಿಲ್ಲ. ಬಾಲ್ಯದಲ್ಲೇ ವಿಧವೆಯಾದ ಆಕೆ 1913ರಲ್ಲಿ 'ಸತೀಹಿತೈಷಿಣಿ' ಗ್ರಂಥಮಾಲೆ ಆರಂಭಿಸಿ ತಮ್ಮ ಪುಸ್ತಕಗಳನ್ನು ತಾವೇ ಪ್ರಕಟಿಸಿದರು, ಮುಂದೆ 'ಕರ್ನಾಟಕ ನಂದಿನಿ' ಪತ್ರಿಕೆಯನ್ನೂ ನಡೆಸಿದರು. ಬರೆಯುವುದು, ಅಚ್ಚು ಹಾಕಿಸುವುದು, ಓದುಗರಿಗೆ ಮುಟ್ಟಿಸುವುದು ಮೂರೂ ಒಬ್ಬರ ಕೈಯಲ್ಲೇ ಇದ್ದವು. ಪ್ರಕಟಣೆಯ ಗೋಷ್ಠಿಗೆ ಇದಕ್ಕಿಂತ ತಕ್ಕ ಪೂರ್ವಜೆ ನಮಗೆ ಬೇರೆ ಯಾರಿದ್ದಾರೆ?

ಚೀಟಿ ಎತ್ತುವ ಮಾತು ಬಂದದ್ದರಿಂದ ನಮ್ಮ ಶಾಲೆಯ ಹಿಂದಿ ಟೀಚರ ವಿಷಯ ಹೇಳಬೇಕು. ಹೆಸರು ಬೇಡ. ಹದಿನಾಲ್ಕು ಕಥೆ ಬರೆದಿದ್ದರು. ಪ್ರಕಾಶನವೆಂದು ಬೋರ್ಡು ಹಾಕಿಕೊಂಡ ಒಂದು ಮುದ್ರಣಾಲಯಕ್ಕೆ ಚೀಟಿಯ ಹಣವನ್ನೆಲ್ಲ ಕೊಟ್ಟು ಐನೂರು ಪ್ರತಿ ಹಾಕಿಸಿದರು. ಬಿಡುಗಡೆಗೆ ಬೇರೆ ಖರ್ಚು. ಈಗ ನಾನೂರು ಚಿಲ್ಲರೆ ಪ್ರತಿ ಅವರ ಮಂಚದ ಕೆಳಗೆ ರಟ್ಟಿನ ಪೆಟ್ಟಿಗೆಗಳಲ್ಲಿವೆ. ಮದುವೆ, ಗೃಹಪ್ರವೇಶಗಳಿಗೆ ಉಡುಗೊರೆಯಾಗಿ ಕೊಡುತ್ತಿದ್ದಾರೆ. ಹಣ ಹೋದದ್ದಕ್ಕಿಂತ ನನಗೆ ನೋವಾದದ್ದು ಬೇರೆಯದಕ್ಕೆ. ಅದರಲ್ಲಿ ನಾಲ್ಕು ಕಥೆ ನಿಜಕ್ಕೂ ಒಳ್ಳೆಯವು. ಆದರೆ ಮೂರನೆಯ ಕಥೆಯ ನಾಯಕಿ ಆರಂಭದಲ್ಲಿ ಸುಮತಿ, ಕೊನೆಗೆ ಬರುವಷ್ಟರಲ್ಲಿ ಸುಮಿತ್ರ. ಡಿ.ಟಿ.ಪಿ. ಮಾಡಿದ ಹುಡುಗ ಓದಲಿಲ್ಲ, ಅದು ಅವನ ಕೆಲಸವಲ್ಲ. ಮುದ್ರಿಸಿದವರು ಓದಲಿಲ್ಲ, ಅವರಿಗೆ ಹಣ ಮೊದಲೇ ಬಂದಿತ್ತು. ಮುನ್ನುಡಿ ಬರೆದ ದೊಡ್ಡವರು ಹೆಣ್ಣಿನ ಅಂತಃಕರಣವನ್ನು ಹೊಗಳಿ ಎರಡು ಪುಟ ಕೊಟ್ಟಿದ್ದರು. ಅವರು ಸುಮತಿಯನ್ನೂ ನೋಡಿರಲಿಲ್ಲ, ಸುಮಿತ್ರಳನ್ನೂ ನೋಡಿರಲಿಲ್ಲ.

ಮುನ್ನುಡಿ ಎಂಬ ಈ ಪದ್ಧತಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ನಮ್ಮಲ್ಲಿ ಹೊಸ ಲೇಖಕಿ ಹಿರಿಯರೊಬ್ಬರ ಮನೆಗೆ ಹಣ್ಣು ಹೂವಿನೊಂದಿಗೆ ಹೋಗಿ ಹಸ್ತಪ್ರತಿ ಇಟ್ಟು ಬರುವ ಹೊತ್ತಿಗೆ ಅದು ಹಸ್ತಪ್ರತಿಯೇ ಅಲ್ಲ. ಪುಟ ವಿನ್ಯಾಸ ಮುಗಿದು, ಬಿಡುಗಡೆಯ ದಿನಾಂಕ ಗೊತ್ತಾಗಿ, ಆಹ್ವಾನ ಪತ್ರಿಕೆ ಅಚ್ಚಿಗೆ ಹೋಗಿರುತ್ತದೆ. ಆಗ ಪಾಪ ಅವರಾದರೂ ಏನು ಹೇಳಿಯಾರು? ಎರಡನೆಯ ಕಥೆ ಬಿಟ್ಟುಬಿಡು, ಏಳನೆಯದರ ಮೊದಲ ಪುಟ ಹರಿದುಹಾಕು ಎನ್ನಲು ಕಾಲ ಮೀರಿರುತ್ತದೆ. ಆದ್ದರಿಂದ ಹರಸುತ್ತಾರೆ. ಓದುಗರೊಬ್ಬರು ಪೆನ್ಸಿಲ್ ಹಿಡಿದು ಕೂರಬೇಕಾದ ಸಮಯ ಇದಕ್ಕಿಂತ ಆರು ತಿಂಗಳು ಹಿಂದಿನದು, ಆಗ ಯಾರೂ ಇರುವುದಿಲ್ಲ. ಮುವ್ವತ್ತು ವರ್ಷ ಮಕ್ಕಳ ಪ್ರಬಂಧದ ಪುಸ್ತಕ ತಿದ್ದಿದವಳಾಗಿ ಹೇಳುತ್ತೇನೆ, ಒತ್ತಕ್ಷರ ತಿದ್ದುವುದು ಬೇರೆ, ಬರಹ ತಿದ್ದುವುದು ಬೇರೆ. ಮೊದಲನೆಯದಕ್ಕೆ ಕರಡು ತಿದ್ದುವವರು ಸಿಗುತ್ತಾರೆ. ಎರಡನೆಯದನ್ನು ಮಾಡುವ ಸಂಪಾದಕರನ್ನು ಇಟ್ಟುಕೊಳ್ಳಲು ನಮ್ಮ ಸಣ್ಣ ಪ್ರಕಾಶನಗಳಿಗೆ ಶಕ್ತಿಯಿಲ್ಲ.

ಶಕ್ತಿಯಿಲ್ಲದ್ದಕ್ಕೆ ಕಾರಣವೂ ಇದೆ. ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿಯಲ್ಲಿ ಆಯ್ಕೆಯಾದ ಪುಸ್ತಕದ 300 ಪ್ರತಿ ಹೋಗುವುದೇ ಅನೇಕ ಪ್ರಕಾಶಕರಿಗೆ ಜೀವಾಧಾರ. ಹಣ ಬರುವುದು ತಡವಾಗುತ್ತದೆಂದು ಅವರ ದೂರು, ಅದು ನ್ಯಾಯವೇ. ಆದರೆ ಪುಟಕ್ಕೆ ಇಷ್ಟು ಎಂದು ಬೆಲೆ ಕಟ್ಟುವ ಕಡೆ ಪುಟ ಕಡಿಮೆ ಮಾಡಿ ಎಂದು ಲೇಖಕಿಗೆ ಹೇಳುವವರು ಯಾರು? ಹಾಳೆ ಮಡಚಿ ತೋರಿಸಿದ ಆ ಹಿರಿಯರಂಥವರು ಅಪರೂಪ. ಹೆಚ್ಚಿನವರು ಇನ್ನೂ ಎರಡು ಕಥೆ ಸೇರಿಸಿ, ಪುಸ್ತಕ ತೆಳ್ಳಗಾಯಿತು ಎನ್ನುತ್ತಾರೆ. ಸೇರಿಸಿದ ಆ ಎರಡು ಕಥೆಗಳೇ ಸಾಮಾನ್ಯವಾಗಿ ಸಂಕಲನವನ್ನು ಕೆಡಿಸುವಂಥವು.

2025ರಲ್ಲಿ ಬಾನು ಮುಷ್ತಾಕ್ ಅವರ 'ಹಾರ್ಟ್ ಲ್ಯಾಂಪ್'ಗೆ ಅಂತರರಾಷ್ಟ್ರೀಯ ಬೂಕರ್ ಬಂದದ್ದನ್ನು ಸಮ್ಮೇಳನದಲ್ಲಿ ಎಲ್ಲರೂ ಹೆಮ್ಮೆಯಿಂದ ನೆನೆದರು. ನೆನೆಯಬೇಕಾದ್ದೇ. ಆದರೆ ಆ ಪುಸ್ತಕ ಹೇಗೆ ಆಯಿತು ಎಂಬುದರಲ್ಲಿ ನಮಗೆ ಎರಡು ಪಾಠಗಳಿದ್ದವು, ಅವನ್ನು ಯಾರೂ ಮುಟ್ಟಲಿಲ್ಲ. ಮೂರು ದಶಕಕ್ಕೂ ಹೆಚ್ಚು ಕಾಲ ಬರೆದ ಕಥೆಗಳಿಂದ ಅನುವಾದಕಿ ದೀಪಾ ಭಾಸ್ತಿ ಹನ್ನೆರಡನ್ನು ಆರಿಸಿದರು. ಅಂದರೆ ಒಬ್ಬರು ಎಲ್ಲವನ್ನೂ ಓದಿ, ಇದು ಇರಲಿ ಅದು ಬೇಡ ಎಂದು ನಿರ್ಧರಿಸಿದರು. ಬರೆದವರಷ್ಟೇ ಗಟ್ಟಿಯಾದ ಇನ್ನೊಂದು ಮನಸ್ಸು ಆ ಪುಸ್ತಕದೊಳಗಿದೆ. ಎರಡನೆಯದು, ಐವತ್ತು ಸಾವಿರ ಪೌಂಡಿನ ಬಹುಮಾನವನ್ನು ಲೇಖಕಿಗೂ ಅನುವಾದಕಿಗೂ ಸಮನಾಗಿ ಹಂಚಲಾಯಿತು. ಅನುವಾದ ಎಂಬುದು ಬೇರೆಯೇ ಒಂದು ಹಕ್ಕು, ಬೇರೆಯೇ ಒಂದು ದುಡಿಮೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಹಕ್ಕು ಎಂದೊಡನೆ ನಮ್ಮವರಿಗೆ ಒಂದು ಮುಜುಗರ. ಪ್ರಶ್ನೋತ್ತರದ ಹೊತ್ತಿನಲ್ಲಿ ಒಬ್ಬ ತರುಣಿ ಎದ್ದು, "ಸಾರ್, ಕರಾರು ಪತ್ರ ಕೇಳಿದ್ರೆ ಪ್ರಕಾಶಕರು ಬೇಜಾರು ಮಾಡ್ಕೋತಾರಾ?" ಎಂದು ಕೇಳಿದಳು. ಅಷ್ಟರಲ್ಲಿ ನಿರೂಪಕಿ ಕವಿಗೋಷ್ಠಿಗೆ ಹೊತ್ತಾಯಿತೆಂದು ಚೀಟಿ ಕಳಿಸಿದರು, ಉತ್ತರ ಬರಲೇ ಇಲ್ಲ. ಆ ಹುಡುಗಿಗಾಗಿ ಇಲ್ಲಿ ಬರೆಯುತ್ತೇನೆ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೆಯ ಕಲಮಿನ ಪ್ರಕಾರ ಹಕ್ಕನ್ನು ಒಪ್ಪಿಸಿಕೊಡುವುದು ಬರಹದಲ್ಲೇ ಆಗಬೇಕು, ಸಹಿ ಇರಬೇಕು. ಯಾವ ಕೃತಿ, ಯಾವ ಯಾವ ಹಕ್ಕು, ಎಷ್ಟು ಕಾಲಕ್ಕೆ, ಯಾವ ಪ್ರದೇಶಕ್ಕೆ, ಗೌರವಧನ ಎಷ್ಟು ಎಂಬುದೆಲ್ಲ ಅದರಲ್ಲಿರಬೇಕು. ಕಾಲಾವಧಿ ಬರೆದಿಲ್ಲವಾದರೆ ಐದೇ ವರ್ಷ. ಪ್ರದೇಶ ಬರೆದಿಲ್ಲವಾದರೆ ಭಾರತದೊಳಗೆ ಮಾತ್ರ. ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ, ಕರಾರಿನಲ್ಲಿ ಬೇರೆ ಮಾತು ಇಲ್ಲದ ಪಕ್ಷದಲ್ಲಿ, ಆ ಹಕ್ಕು ಬಿದ್ದುಹೋಗುತ್ತದೆ. 'ಸಕಲ ಹಕ್ಕುಗಳು' ಎಂಬ ಎರಡು ಪದಗಳ ಕೆಳಗೆ ಸಹಿ ಹಾಕುವ ಮೊದಲು, ಅನುವಾದ, ಸಿನಿಮಾ, ಇ-ಪುಸ್ತಕ, ಆಡಿಯೋ ಇವೆಲ್ಲ ಬೇರೆ ಬೇರೆ ಎಂಬುದು ನೆನಪಿರಲಿ. ತ್ರಿವೇಣಿಯವರು 1963ರಲ್ಲಿ, ಮೂವತ್ತೈದು ತುಂಬುವ ಮೊದಲೇ ತೀರಿಕೊಂಡರು. 'ಬೆಳ್ಳಿಮೋಡ' ಸಿನಿಮಾ ಆದದ್ದು 1967ರಲ್ಲಿ, 'ಶರಪಂಜರ' 1971ರಲ್ಲಿ. ಬರೆದವರು ಹೋದ ಮೇಲೂ ಬರಹ ದುಡಿಯುತ್ತದೆ. ನಮ್ಮ ಕಾನೂನಿನಲ್ಲಿ ಆ ಹಕ್ಕು ಸಾವಿನ ನಂತರದ 60 ವರ್ಷ ವಾರಸುದಾರರಿಗೆ ಉಳಿಯುತ್ತದೆ. ಒಡವೆಯ ಪಟ್ಟಿ ಮಾಡಿ ಬೀರುವಿನಲ್ಲಿಡುವ ನಾವು ಕಥೆಗಳ ಪಟ್ಟಿಯನ್ನೂ ಒಂದು ಹಾಳೆಯಲ್ಲಿ ಬರೆದಿಡಬಹುದು.

ತಾವೇ ಪ್ರಕಟಿಸುವವರಿಗೆ ಇನ್ನೊಂದು ಸಣ್ಣ ಮಾತು. ಪುಸ್ತಕದ ಬೆನ್ನಿನ ಐ.ಎಸ್.ಬಿ.ಎನ್. ಸಂಖ್ಯೆಯನ್ನು ನಮ್ಮ ದೇಶದಲ್ಲಿ ಸರ್ಕಾರದ ರಾಜಾ ರಾಮಮೋಹನ ರಾಯ್ ಹೆಸರಿನ ಸಂಸ್ಥೆ ಉಚಿತವಾಗಿ ಕೊಡುತ್ತದೆ, ಲೇಖಕಿಯೇ ಅರ್ಜಿ ಹಾಕಬಹುದು. ನಮ್ಮ ಹಿಂದಿ ಟೀಚರಿಂದ ಅದಕ್ಕೂ ಹಣ ಪಡೆದಿದ್ದರು.

ಸರ್ಕಾರದಿಂದಲೂ ನನಗೊಂದು ಕೇಳಿಕೆಯಿದೆ. ಕನ್ನಡ ಪುಸ್ತಕ ಪ್ರಾಧಿಕಾರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುವ ಒಳ್ಳೆಯ ಯೋಜನೆ ನಡೆಸಿಕೊಂಡು ಬಂದಿದೆ. ಅದು ಯುವ ಬರಹಗಾರರಿಗೆ, ವಯಸ್ಸು 18ರಿಂದ 35. ಯುವಕರಿಗೆ ಕೊಡಲಿ, ಬೇಡವೆನ್ನುವುದಿಲ್ಲ. ಆದರೆ ಹೆಂಗಸು ಮೊದಲ ಪುಸ್ತಕ ಬರೆಯುವ ವಯಸ್ಸು ಯಾವುದು? ಮಕ್ಕಳ ಪರೀಕ್ಷೆ, ಅತ್ತೆ ಮಾವಂದಿರ ಆಸ್ಪತ್ರೆ ಇವೆಲ್ಲ ಒಂದು ಹದಕ್ಕೆ ಬಂದ ಮೇಲೆ ಅವಳಿಗೆ ಮೇಜು ಸಿಗುತ್ತದೆ. ಎಂ.ಕೆ. ಇಂದಿರಾ ಹುಟ್ಟಿದ್ದು 1917ರಲ್ಲಿ, 'ತುಂಗಭದ್ರಾ' ಬಂದದ್ದು 1963ರಲ್ಲಿ. ನಲವತ್ತಾರರ ಆ ಗೃಹಿಣಿ ಇಂದು ಅರ್ಜಿ ಹಿಡಿದು ಹೋದರೆ ಕಿಟಕಿಯಲ್ಲೇ ವಾಪಸು ಕಳಿಸುತ್ತಾರೆ. ಮೊದಲ ಪುಸ್ತಕ ಎಂಬುದಷ್ಟೇ ಅರ್ಹತೆಯಾಗಿರುವ, ವಯಸ್ಸು ಕೇಳದ ಒಂದು ಯೋಜನೆಯನ್ನು ಇದರ ಪಕ್ಕದಲ್ಲಿ ಇಟ್ಟರೆ ಆಗುವ ನಷ್ಟವೇನು? ಇಂಥ ನಿರ್ಣಯಗಳನ್ನು ಸಮ್ಮೇಳನದ ಕೊನೆಯಲ್ಲಿ ಮಂಡಿಸಬೇಕು. ನಾವು ಹೋದ ಸಮ್ಮೇಳನದಲ್ಲಿ ಮಂಡಿಸಿದ ನಿರ್ಣಯಗಳಲ್ಲಿ ಪುಸ್ತಕ ಎಂಬ ಪದವೇ ಇರಲಿಲ್ಲ.

ನಾವು ಐವರೂ ಅಂದು ಬಸ್ಸಿನಲ್ಲಿ ಹಿಂದಿರುಗುವಾಗ ಒಂದು ಏರ್ಪಾಟು ಮಾಡಿಕೊಂಡೆವು. ತಿಂಗಳ ಎರಡನೆಯ ಶನಿವಾರ ಮಧ್ಯಾಹ್ನ ಒಬ್ಬರ ಮನೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಗಟ್ಟಿಯಾಗಿ ಓದಬೇಕು, ಬರೆದವರು ಬಾಯಿಬಿಡಬಾರದು. ಅವರವರ ಬರಹವನ್ನು ಅವರೇ ಓದಿದರೆ ದನಿಯ ಏರಿಳಿತದಲ್ಲಿ ತಪ್ಪುಗಳು ಮುಚ್ಚಿಹೋಗುತ್ತವೆ ಎಂದು ಈ ನಿಯಮ. ಚೆನ್ನಾಗಿದೆ ಎನ್ನುವಂತಿಲ್ಲ, ಎಲ್ಲಿ ಬೇಸರ ಬಂತು ಎಂದು ಪುಟ ಗುರುತು ಮಾಡಿ ಹೇಳಬೇಕು. ಮೊದಲೆರಡು ಸಲ ಮುಖ ಊದಿಕೊಂಡವು. ಗಣಿತದ ಟೀಚರು ಒಂದು ತಿಂಗಳು ಬರಲೇ ಇಲ್ಲ. ಮುಂದಿನ ತಿಂಗಳು ಕೋಡುಬಳೆ ಡಬ್ಬಿಯ ಜೊತೆ ಬಂದರು.

ಹಿಂದಿ ಟೀಚರು ಈಗ ಎರಡನೆಯ ಸಂಕಲನ ಮಾಡುತ್ತಿದ್ದಾರೆ. ಹನ್ನೊಂದು ಕಥೆಯಿದ್ದದ್ದು ಏಳಕ್ಕೆ ಬಂದಿದೆ. ಹಾಳೆ ಮಡಚಿ ತೋರಿಸಿದ ಆ ಹಿರಿಯರಿಗೆ ಪತ್ರ ಬರೆದಿದ್ದರು. ಅವರಿಂದ ಉತ್ತರವೂ ಬಂದಿದೆ, ಏಳು ಫಾರಂ ಮೀರಬಾರದು, ಕಳಿಸಿ, ಓದಿ ಹೇಳುತ್ತೇನೆ ಎಂದು. ಸದ್ಯಕ್ಕೆ ತಕರಾರು ನಡೆದಿರುವುದು ಐದನೆಯ ಕಥೆಯ ಮೇಲೆ. ಅದರಲ್ಲಿ ಅತ್ತೆ ಸಾಯುತ್ತಾಳೆ. ಸಾಯಿಸುವುದು ಸುಲಭದ ದಾರಿ, ಅವಳು ಬದುಕಿದ್ದು ಆ ಮನೆಯಲ್ಲೇ ಇರಬೇಕು ಎಂದು ನಾವು ಮೂವರು. ಇಲ್ಲ, ಸತ್ತರೇ ಸರಿ ಎಂದು ಗಣಿತದ ಟೀಚರು. ಬರೆದವರು ನಿಯಮದಂತೆ ಸುಮ್ಮನೆ ಕೂತು ಕೋಡುಬಳೆ ಮುರಿಯುತ್ತಿದ್ದರು. ಬರುವ ಎರಡನೆಯ ಶನಿವಾರ ಮತ್ತೆ ಅದೇ ಕಥೆ.